ಪಾರ್ಸಲ್ ಇಲ್ಲ

“ಪಾರ್ಸಲ್ ಇಲ್ಲ.”

ಮೃದುಲಾ ತಲೆ ಎತ್ತದೆಯೇ ಹೇಳಿದಳು. ಅವಳ ಕೈಯಲ್ಲಿದ್ದ ಕೆಟಲಿನ ಸಪೂರ ಕೊಕ್ಕಿನಿಂದ ಬಿಸಿನೀರು ನೂಲಿನ ಎಳೆಯಾಗಿ ಇಳಿಯುತ್ತಿತ್ತು. ಆ ಎಳೆ ತುಂಡಾಗುವಂಥ ಕೆಲಸವನ್ನು ಅವಳು ಯಾರಿಗಾಗಿಯೂ ಮಾಡುವವಳಲ್ಲ.

ಕೌಂಟರಿನ ಆಚೆ ನಿಂತವನಿಗೆ ಅದು ಗೊತ್ತಿರಲಿಲ್ಲ. ಬಾಗಿಲ ಮೇಲಿನ ‘ಪಾರ್ಸಲ್ ಇಲ್ಲ’ ಎಂಬ ಬೋರ್ಡನ್ನೂ ಅವನು ಓದಿರಲಿಲ್ಲ. ಹೆಗಲಲ್ಲಿ ಚೀಲ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಮುಖದಲ್ಲಿ ಬಸ್ಸು ತಪ್ಪೀತೆಂಬ ಗಾಬರಿ. “ತಾಯಿ, ಏಕ್ ಕಾಫೀ, ಪಾರ್ಸಲ್” ಎಂದು ಕೇಳಿದ್ದ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಕನ್ನಡದ ಕಿವಿಗೆ ಮಾತ್ರ ತಾಯಿ ತಾಯಿಯೇ. ಮೂವತ್ತರ ಹೊಸ್ತಿಲಲ್ಲಿದ್ದ ಮೃದುಲಾಗೆ ಎರಡು ಪದವಿಯೂ ಬೇಕಿರಲಿಲ್ಲ.

ಕಾಗದದ ಲೋಟ ಇಲ್ಲವೇ ಎಂದು ಕೇಳಿದ. ಇಲ್ಲ. ತನ್ನದೇ ಸ್ಟೀಲ್ ಬಾಟಲಿ ಇದೆ, ಅದರಲ್ಲಿ ಹಾಕಿಕೊಡಿ ಎಂದ. ಹಾಕುವುದಿಲ್ಲ. ಹಾಗಾದರೆ ಎಷ್ಟು ಹೊತ್ತಾಗುತ್ತದೆ? ಆಗುವಷ್ಟು.

ಅವನು ಬೀದಿಯತ್ತ ನೋಡಿದ. ಕೆಟಲಿನತ್ತ ನೋಡಿದ. ಆಮೇಲೆ ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದ.

“ಇದೇನು ಕಾಫೀನೋ, ಸತ್ಯನಾರಾಯಣ ಪೂಜಾನೋ...”

ನಾಸಿಕ್‌ನಲ್ಲಿ ಕನ್ನಡದಲ್ಲಿ ಬೈದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಹೊಸದಾಗಿ ಬಂದ ಕನ್ನಡಿಗರ ನಂಬಿಕೆ. ಕನ್ನಡಿಗರನ್ನು ಕರೆತಂದು ನೆಲೆಗೊಳಿಸಿದ ಓಝರ್‌ನ ವಿಮಾನ ಕಾರ್ಖಾನೆ ಎರಡು ತಲೆಮಾರಿನಿಂದ ಆ ನಂಬಿಕೆಯನ್ನು ಸುಳ್ಳು ಮಾಡುತ್ತ ಬಂದಿದೆ.

“ಪೂಜಾ ಅಂತನ ತಿಳ್ಕೋರಿ.” ಮೃದುಲಾ ಈಗ ತಲೆ ಎತ್ತಿದಳು. “ಪ್ರಸಾದ ಬೇಕಂದ್ರ ಕುಂದ್ರಬೇಕಾಗತೈತಿ. ನಿಂತವರಿಗೆ ಇಲ್ಲ.”

ಅವನ ಕಿವಿ ಕೆಂಪಾಯಿತು. ಕೂತ.

ಅವಳು ಕಪಾಟಿನ ಮುಂದೆ ನಿಂತು ಅವನನ್ನು ಒಮ್ಮೆ ಅಳೆದು, ದಪ್ಪ ಅಂಚಿನ ನೀಲಿ ಕಪ್ಪೊಂದನ್ನು ಇಳಿಸಿದಳು. ಪುಡಿಯ ಮೇಲೆ ಮೊದಲು ಒಂದಿಷ್ಟೇ ನೀರು ಬಿಟ್ಟು ಕೆಟಲು ಕೆಳಗಿಟ್ಟಳು. ಪುಡಿ ಮೆಲ್ಲಗೆ ಉಬ್ಬಿತು.

“ಈಗ ಏನು ನಡದದ?” ಅವನ ದನಿಯಲ್ಲಿ ಗೊಣಗು ಹೋಗಿ ಕುತೂಹಲ ಬಂದಿತ್ತು.

“ಕಾಫಿ ಉಸಿರು ಬಿಡಾಕತ್ತೈತಿ. ನೀವೂ ಬಿಡ್ರಿ.”

ಸಂಭಾಜಿನಗರದ ಬಸ್ಸು ತಪ್ಪಿತು. ಅವನಿಗೆ ಅದು ನೆನಪಾದದ್ದು ಕಪ್ಪು ಖಾಲಿಯಾದ ಮೇಲೆ. ಈ ದಪ್ಪ ಕಪ್ಪನ್ನೇ ಯಾಕೆ ಕೊಟ್ಟಿರಿ ಎಂದು ಹೋಗುವಾಗ ಕೇಳಿದ. ಅವಸರದವರಿಗೆ ಅದೇ, ತುಟಿ ಸುಡುವುದಿಲ್ಲ ಎಂದಳು ಮೃದುಲಾ.

ಅವನ ಹೆಸರು ಬಿಂದುಮಾಧವ. ಬಾಗಲಕೋಟೆಯ ಕಡೆಯವನು. ಸಂಭಾಜಿನಗರದ ಬದಿಯ ಶೇಂದ್ರಾದ ಜಪಾನಿ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಎಂಜಿನಿಯರು. ಬಿಡಿಭಾಗಗಳ ತಪಾಸಣೆಗೆಂದು ಶನಿವಾರ ನಾಸಿಕ್‌ಗೆ ಬಂದು, ತಪ್ಪು ಹುಡುಕಿ, ಸಂಜೆಗೆ ವಾಪಸಾಗುವುದು ಅವನ ಉದ್ಯೋಗ. ಹಾಗಾಗಿ ಮುಂದಿನ ಶನಿವಾರವೂ ಬಂದ. ಬಾಗಿಲಲ್ಲೇ, “ಕುಂಡ್ರಲಿಕ್ಕೇ ಬಂದೀನಿ” ಎಂದು ಘೋಷಿಸಿ ಕೂತ.

ಮೃದುಲಾ ಎಂಬ ಹೆಸರಿಟ್ಟವರು ಸ್ವಲ್ಪ ದುಡುಕಿದ್ದರು ಎನ್ನಬೇಕು.

ಅಪ್ಪ ಗುರುಸಿದ್ದಪ್ಪ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದು ನಿವೃತ್ತರಾದವರು. ಮಗಳು ಪುಣೆಯಲ್ಲಿ ಜಪಾನಿ ಭಾಷೆ ಕಲಿತು ದುಭಾಷಿಯಾದಳು. ಕೆಲಸದ ಮೇಲೆ ಕೆಲ ಕಾಲ ನಾಗೋಯಾದಲ್ಲಿದ್ದಳು. ಅಲ್ಲಿಯ ಒಂದು ಸಂದಿಯಲ್ಲಿ ಮುದುಕಿಯೊಬ್ಬಳ ಹಳೇ ಕಾಲದ ಕಾಫಿ ಅಂಗಡಿ. ಅಂಥದ್ದಕ್ಕೆ ಅವರು ಕಿಸ್ಸಾತೆನ್ ಎನ್ನುತ್ತಾರೆ. ಮುದುಕಿ ಬಂದವರ ಮುಖ ನೋಡಿ ಕಪ್ಪು ಆರಿಸುತ್ತಿದ್ದಳು. ಫ್ಲಾನಲ್ ಬಟ್ಟೆಯ ಸೋಸುಚೀಲದಲ್ಲಿ ಒಂದೊಂದೇ ಕಪ್ಪು ಕಾಫಿ ಇಳಿಸುತ್ತಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಜಗತ್ತಿನಲ್ಲಿ ಎದುರಿಗಿದ್ದವರೊಬ್ಬರೇ ಗಿರಾಕಿ.

ಮೃದುಲಾಳನ್ನು ಗೆದ್ದದ್ದು ಕಾಫಿಯಲ್ಲ. ಆ ಅಂಗಡಿಯಲ್ಲಿ ಅವಳು ಒಬ್ಬಳೇ ಕೂತಿದ್ದರೂ ಯಾರೊಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ನಮ್ಮಲ್ಲಿ ಹೋಟೆಲಿನಲ್ಲಿ ಹೆಂಗಸು ಒಬ್ಬಳೇ ಕೂತರೆ ಮಾಣಿ ಬಂದು ಕೇಳುತ್ತಾನೆ: ಇನ್ನೂ ಯಾರಾದರೂ ಬರೋರಿದಾರಾ? ಮದುವೆಯಾಗದ ಮೃದುಲಾಗೆ ಆ ಪ್ರಶ್ನೆಯನ್ನು ಮಾಣಿಯಷ್ಟೇ ಅಲ್ಲ, ಸೋದರತ್ತೆ, ಬಾಜೂಮನೆಯವರು, ಬ್ಯಾಂಕಿನ ಮ್ಯಾನೇಜರು, ಎಲ್ಲರೂ ಕೇಳಿದ್ದರು.

*ಯಾರೂ ಬರೋರಿಲ್ಲ. ನಾ ಬಂದೀನಿ. ಸಾಲದೇನು?*

ವಾಪಸು ಬಂದು ನೌಕರಿ ಬಿಟ್ಟಳು. ಗಂಗಾಪುರ ರಸ್ತೆಯ ಬದಿಯ ಒಂದು ಗಲ್ಲಿಯಲ್ಲಿ ಬೆರಳೆಣಿಕೆಯ ಕುರ್ಚಿಗಳ ಅಂಗಡಿ ತೆರೆದು ‘ಕಿಸ್ಸಾ’ ಎಂದು ಹೆಸರಿಟ್ಟಳು. ಮರಾಠಿಯವರು ಕಥೆಯ ಕಿಸ್ಸಾ ಅಂದುಕೊಂಡರು. ಗುರುಸಿದ್ದಪ್ಪನವರು ಮಾತ್ರ, ಹೆಸರು ಬರೋಬ್ಬರಿ ಐತಿ, ಖಾಲಿ ಆಗಿದ್ದು ನನ್ನ ಕಿಸೆನ ಎಂದರು. ಬಟ್ಟೆಯ ಸೋಸುಚೀಲ ಕಂಡಾಗಿನಿಂದ ಅವರದು ಇನ್ನೊಂದು ಮಾತು ಕಾಯಂ ಆಯಿತು: “ಜಪಾನಕ್ಕ ಹೋಗಿ ನಮ್ಮವ್ವನ ಚಹಾ ಸೋಸೋ ಅರಿವಿ ಕಲತು ಬಂದಾಳ ನೋಡ್ರಿ.” ಆದರೂ ದಿನಾ ಓಝರ್‌ನಿಂದ ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಒಂದು ಕಪ್ಪು ಕುಡಿಯುವುದನ್ನು ಅವರು ತಪ್ಪಿಸಲಿಲ್ಲ. ಅವರ ಕಾಫಿಗೆ ಹಾಲು ಬೇಕು. ಆ ಅಂಗಡಿಯಲ್ಲಿ ಹಾಲು ಇದ್ದದ್ದೇ ಅವರಿಗಾಗಿ.

ಕಪ್ಪು ತೊಳೆಯಲು, ಕುರ್ಚಿ ಒರೆಸಲು, ಅಭಿಪ್ರಾಯ ಕೊಡಲು ಸಾವಿತ್ರಿಬಾಯಿ ಇದ್ದಳು. ಅಪ್ಪಟ ನಾಸಿಕ್‌ನವಳು. ಅಪ್ಪ ಮಗಳ ಮಾತು ಕೇಳಿ ಕೇಳಿ ತನಗೂ ಕನ್ನಡ ಬರುತ್ತದೆಂದು ಎಲ್ಲರಿಗೂ ಹೇಳುತ್ತಿದ್ದಳು. ಒಂದು ಮಟ್ಟಿಗೆ ನಿಜ. “ಹಾಲು ಆತು” ಅಂದರೆ ಓಡಿ ಹಾಲು ತರುತ್ತಿದ್ದಳು. “ಗ್ಯಾಸ್ ಆತು” ಅಂದರೆ ಸಿಲಿಂಡರಿನವನಿಗೆ ಫೋನು ಹಚ್ಚುತ್ತಿದ್ದಳು. ಅಡುಗೆಮನೆಯ ಕನ್ನಡದಲ್ಲಿ ಅವಳು ಒಮ್ಮೆಯೂ ತಪ್ಪಿದವಳಲ್ಲ.

ಶನಿವಾರಗಳು ಬಂದವು, ಹೋದವು.

ಬಿಂದುಮಾಧವ ತನ್ನ ಜಪಾನಿ ಮೇಲಧಿಕಾರಿಗಳ ದೂರು ಹೇಳುತ್ತಿದ್ದ. ಮೀಟಿಂಗಿನಲ್ಲಿ ಎಲ್ಲಕ್ಕೂ ‘ಹೈ, ಹೈ’ ಎನ್ನುತ್ತಾರೆ, ಮರುದಿನ ಒಲ್ಲೆ ಎನ್ನುತ್ತಾರೆ, ಇದೆಂಥ ನ್ಯಾಯ ಎಂದ ಒಮ್ಮೆ. ಮೃದುಲಾ ನಕ್ಕಳು. ಅವನ ಮುಂದೆ ಅವಳು ನಕ್ಕದ್ದು ಅದೇ ಮೊದಲು.

“ಹೈ ಅಂದ್ರ ಹೌದು ಅಂತಲ್ರಿ. ನೀವು ಹೇಳಿದ್ದು ಕೇಳಿಸ್ತು ಅಂತ, ಅಷ್ಟ. ಒಂದು ಶಬ್ದ ಹಿಡಕೊಂಡು ಯಾರನ್ನೂ ನಂಬಬಾರದು. ಯಾವ ಮಾತಿನ ಬೆನ್ನಿಗೆ ಬಂತು, ಅದನ್ನ ನೋಡಬೇಕು.”

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹೇಳಿದವಳೇ ಮರೆಯಲಿದ್ದಾಳೆ.

ಯಾವ ಶನಿವಾರ ಅವರ ಮಾತಿನಿಂದ ‘ರಿ’ ಉದುರಿಹೋಯಿತೋ ಇಬ್ಬರಿಗೂ ತಿಳಿಯದು. ಅವಳ ‘ಐತಿ’, ಅವನ ‘ಅದ’ ಒಂದೇ ಕೌಂಟರಿನ ಎರಡು ಬದಿಗೆ ಮೊಣಕೈಯೂರಿ ಕೂತವು. ಅವನು ಬಾರದ ಒಂದು ಶನಿವಾರ ಅವಳು ನೀಲಿ ಕಪ್ಪನ್ನು ಇಳಿಸಿ, ಒರೆಸಿ, ಮತ್ತೆ ಮೇಲಿಟ್ಟಳು. ಸಾವಿತ್ರಿಬಾಯಿ ನೋಡಿಯೂ ನೋಡದಂತೆ ಸಿಂಕಿನ ನಲ್ಲಿ ಜೋರು ಮಾಡಿದಳು.

ಮುಂದಿನ ವಾರ ಅವನು ಬಂದು, ಕಾಫಿ ಮುಟ್ಟುವ ಮೊದಲೇ ಹೇಳಿದ.

“ನಾ ಈಗ ತಪಾಸಣಿ ಸಲುವಾಗಿ ಬರವಲ್ಲೆ, ಮೃದುಲಾ. ನಿನ್ನ ಸಲುವಾಗಿ ಬರ್ತೀನಿ. ತಪಾಸಣಿ ಒಂದು ನೆವ.”

ಅವಳ ಕೈಯ ನೀರಿನ ಎಳೆ... ತುಂಡಾಯಿತು. ಆ ಕಪ್ಪನ್ನು ಅವಳು ಚೆಲ್ಲಿ ಮತ್ತೆ ಮಾಡಬೇಕಾಯಿತು.

ಮದುವೆಯ ಮಾತು ಎರಡೂ ಮನೆ ಮುಟ್ಟಿತು. ಒಂದು ಮನೆಯಲ್ಲಿ ವಿಭೂತಿ, ಇನ್ನೊಂದರಲ್ಲಿ ಗೋಪಿಚಂದನ. ಜಗಳ ಅದರ ಮೇಲೇ ಆಗುತ್ತದೆಂದು ಎರಡೂ ಕಡೆಯವರು ಸೊಂಟ ಕಟ್ಟಿ ನಿಂತಿದ್ದರು. ಆಗಲಿಲ್ಲ. ಬಿಂದುಮಾಧವನ ತಾಯಿ ಜಯಲಕ್ಷ್ಮಿ ಬಾಗಲಕೋಟೆಯಿಂದ ಸಂಭಾಜಿನಗರಕ್ಕೆ ಬಂದಿಳಿದು, ಹಣೆಯ ವಿಷಯವನ್ನು ನುಂಗಿಕೊಂಡು, ಕಾಫಿಯ ವಿಷಯವನ್ನು ಎತ್ತಿಕೊಂಡರು. ಹುಡುಗಿ ಅಂಗಡಿ ಮುಚ್ಚಬೇಕು. ಸಂಭಾಜಿನಗರಕ್ಕೆ ಬಂದು ಸಂಸಾರ ಮಾಡಬೇಕು. ಕಂಡವರಿಗೆ ಕಾಫಿ ಸೋಸಿ ಕೊಡುವ ಸೊಸೆ ತಮಗೆ ಬೇಡ.

ಈ ಮಾತನ್ನು ಬಿಂದುಮಾಧವ ಶನಿವಾರ ನಾಸಿಕ್‌ಗೆ ತಂದ. ತಂದ ರೀತಿಯೇ ತಪ್ಪಾಯಿತು.

“ಅಮ್ಮ ಹಿಂಗ ಅಂತಾಳ. ಸದ್ಯಕ್ಕ ಒಂದಷ್ಟು ದಿನ ಮುಚ್ಚಿ ನೋಡೋಣೇನು? ಆಮ್ಯಾಲ ಅಲ್ಲೇ ಒಂದು...”

ಅದು ಅವನ ಉದ್ಯೋಗದ ರೋಗ. ಯಾವುದನ್ನೂ ಪೂರ್ತಿ ಪಾಸು ಮಾಡದೆ, ಪೂರ್ತಿ ಫೇಲೂ ಮಾಡದೆ ಬದಿಗಿಡುವುದು.

ಮೃದುಲಾ ಕೆಟಲು ಇಳಿಸಿದಳು. ದನಿ ಏರಿಸಲಿಲ್ಲ.

“ಬಾಗಲ ಮ್ಯಾಲ ಓದಿಲ್ಲೇನು ನೀ? ನಮ್ಮಲ್ಲಿ ಪಾರ್ಸಲ್ ಇಲ್ಲ. ಕಾಫೀನೂ ಇಲ್ಲ, ನಾನೂ ಇಲ್ಲ.”

“ಹಂಗಲ್ಲ, ಮೃದುಲಾ...”

“ಹಂಗ. ಅಂಗಡಿ ಇಲ್ಲೇ ಇರತೈತಿ. ನಾ ಇಲ್ಲೇ ಇರ್ತೀನಿ. ಬರೂದಿದ್ರ ನೀ ಬಾ. ನಾಳೆ ಸಂಜಿ ಒಳಗ ಹೇಳು. ‘ಆದರ’ ಬ್ಯಾಡ, ‘ಸದ್ಯಕ್ಕ’ ಬ್ಯಾಡ. ಒಂದ ಶಬ್ದದಾಗ ಹೇಳು.”

ಅವನು ಕಾಫಿ ಕುಡಿಯದೆ ಹೋದ. ನೀಲಿ ಕಪ್ಪಿನಲ್ಲಿ ಅದು ತಣ್ಣಗಾಯಿತು.

ಅಂಗಡಿಯ ಹೊತ್ತಿನಲ್ಲಿ ಮೃದುಲಾಳ ಫೋನು ಬಿಸ್ಕಿಟ್ ಡಬ್ಬಿಯಲ್ಲಿರುತ್ತಿತ್ತು. ರಿಂಗಾದರೆ ಎತ್ತುವುದು ಸಾವಿತ್ರಿಬಾಯಿಯ ಕೆಲಸ. ಭಾನುವಾರ ಸಂಜೆ ಅದು ರಿಂಗಾದಾಗ ಕಾಲೇಜು ಹುಡುಗಿಯೊಬ್ಬಳ ಕಪ್ಪಿಗೆ ನೀರು ಇಳಿಯುತ್ತಿತ್ತು. ಕೈ ಬಿಡುವಂತಿರಲಿಲ್ಲ. ಆದರೆ ಮೃದುಲಾಳ ಕಿವಿ ಪೂರ್ತಿ ಡಬ್ಬಿಯ ಕಡೆಗಿತ್ತು.

ಫೋನು ಕ್ಷಣದಲ್ಲಿ ಮುಗಿಯಿತು. ಸಾವಿತ್ರಿಬಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಮುಖ ಬಾಡಿತ್ತು. ಸಾಹೇಬರ ಫೋನು, ರಾತ್ರಿ ಪಾಳಿಗೆ ಹೋಗುವಾಗ ಕಾರ್ಖಾನೆಯ ಗೇಟಿನಿಂದ, ಒಳಗೆ ಫೋನು ಬಿಡುವುದಿಲ್ಲವಂತೆ, ಒಂದೇ ಮಾತು ಹೇಳಿ ಇಟ್ಟರು ಎಂದಳು.

“ಏನಂದ್ರು?” ಮೃದುಲಾ ಮರಾಠಿಯಲ್ಲಿ ಕೇಳಿದಳು.

“ಸಂಪಲಂ, ಮ್ಹಣಾಲೆ.”

ಮುಗಿಯಿತು, ಅಂದರು.

ನೀರಿನ ಎಳೆ ಈ ಸಲ ತುಂಡಾಗಲಿಲ್ಲ. ಅವಳು ಆ ಕಪ್ಪನ್ನು ಪೂರ್ತಿ ಮಾಡಿ, ಸಾಸರಿಗೇರಿಸಿ, ಹುಡುಗಿಯ ಮುಂದೆ ಇಟ್ಟು ಬಂದಳು. ಆಮೇಲೆ ಡಬ್ಬಿ ತೆರೆದು ಬಿಂದುಮಾಧವನ ನಂಬರನ್ನು ಬ್ಲಾಕ್ ಮಾಡಿದಳು.

*ಒಂದ ಶಬ್ದ ಕೇಳಿದ್ದಿ. ಸಿಕ್ತು. ಇನ್ನೇನು ಬೇಕು?*

ದುಭಾಷಿಯಾಗಿ ಕೂತ ಮೀಟಿಂಗುಗಳಲ್ಲಿ ಇವಳು ಯಾರ ಅನುವಾದವನ್ನೂ ನಂಬಿದವಳಲ್ಲ. ಅವರು ಬಳಸಿದ ಮೂಲ ಶಬ್ದ ಯಾವುದು ಎಂದು ಪಟ್ಟು ಹಿಡಿದು ಕೇಳುತ್ತಿದ್ದಳು. ತನ್ನ ಬದುಕಿನ ಶಬ್ದ ಬಂದಾಗ ಮಾತ್ರ ಕೇಳಲಿಲ್ಲ. ಹೃದಯಕ್ಕೆ ಕೆಟ್ಟ ಸುದ್ದಿಯ ಅನುವಾದ ಬೇಗ ರುಚಿಸುತ್ತದೆ.

ಗುರುಸಿದ್ದಪ್ಪನವರು ಮೂಲೆಯಿಂದ ಎಲ್ಲ ನೋಡುತ್ತಿದ್ದರು. ಅಂಗಡಿ ಬಿಡು ಎಂದು ಹೇಳಲು ಅವರಿಗೆ ಅದಕ್ಕಿಂತ ಒಳ್ಳೇ ಹೊತ್ತು ಸಿಗುತ್ತಿರಲಿಲ್ಲ. ಅವರು ಖಾಲಿ ಕಪ್ಪನ್ನು ಮುಂದಕ್ಕೆ ತಳ್ಳಿದರು.

“ಇನ್ನೊಂದು ಮಾಡವ್ವ. ಇವತ್ತ ಹಾಲು ಬ್ಯಾಡ. ನೀ ಹ್ಯಾಂಗ ಮಾಡ್ತಿ ಹಂಗ.”

ಮೃದುಲಾ ಅಲ್ಲಿಯವರೆಗೆ ತಡೆದದ್ದು ಅಲ್ಲಿ ತಡೆಯಲಿಲ್ಲ. ಅತ್ತುಕೊಂಡೇ ಮಾಡಿದಳು. ಕಾಫಿ ಚೆನ್ನಾಗಿಯೇ ಬಂತು.

ಸೋಮವಾರ ಅಂಗಡಿಗೆ ರಜೆ. ಬೆಳಿಗ್ಗೆ ಅವಳು ನೀಲಿ ಕಪ್ಪನ್ನು ಹಳೇ ಓಢಣಿಯಲ್ಲಿ ಸುತ್ತಿದಳು. ಒಡೆದು ಹಾಕಬಹುದಿತ್ತು. ಆದರೆ ಕಪ್ಪು ಒಳ್ಳೆಯದು, ಅದರ ತಪ್ಪೇನೂ ಇಲ್ಲ. ಮುಖ ಕೊಟ್ಟು ಮಾತಾಡದವನ ಕಪ್ಪು ತನ್ನ ಕಪಾಟಿನಲ್ಲಿರಬಾರದು, ಅಷ್ಟೇ. ಮುಗಿದದ್ದನ್ನು ಅವನು ಫೋನಿನಲ್ಲಿ ಹೇಳಿದ. ಅವಳು ಎದುರಿಗೆ ನಿಂತು ಹೇಳುತ್ತಾಳೆ.

ಸಂಭಾಜಿನಗರದ ದಾರಿಯಲ್ಲಿ, ಯೇವಲಾದಲ್ಲಿ ಬಸ್ಸು ನಿಂತಾಗ ಕಿಟಕಿಯ ತುಂಬ ಪೈಠಣಿ ಸೀರೆಯ ಬೋರ್ಡುಗಳು. ಪ್ರತಿ ಬೋರ್ಡಿನಲ್ಲೂ ಒಬ್ಬ ಮದುಮಗಳು. ಮೃದುಲಾ ಅಷ್ಟೂ ಮದುಮಕ್ಕಳನ್ನು ದುರುಗುಟ್ಟಿ ನೋಡಿದಳು. ಉಳಿದ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮೂರು ಭಾಷೆಯಲ್ಲಿ ಮನಸ್ಸಿನಲ್ಲೇ ತಿದ್ದಿದಳು.

ಸಿಡ್ಕೋ ಬಡಾವಣೆಯ ಬಿಂದುಮಾಧವನ ಫ್ಲ್ಯಾಟಿನ ಬಾಗಿಲು ತೆರೆದದ್ದು ಜಯಲಕ್ಷ್ಮಿ.

ಇಬ್ಬರೂ ಒಬ್ಬರನ್ನೊಬ್ಬರು ಫೋಟೋದಲ್ಲಿ ಮಾತ್ರ ನೋಡಿದ್ದರು. ಎರಡೂ ಫೋಟೋ ಸುಳ್ಳು ಹೇಳಿರಲಿಲ್ಲ.

“ನಾ ಅಳಾಕ ಬಂದಿಲ್ರಿ, ಬೇಡಾಕೂ ಬಂದಿಲ್ಲ.” ಮೃದುಲಾ ಹೊಸ್ತಿಲ ಆಚೆಯೇ ನಿಂತು ಶುರು ಮಾಡಿದಳು. “ನಿಮ್ಮ ಮಗನ ಕಪ್ ಕೊಟ್ಟು ಹೋಗಾಕ ಬಂದೀನಿ. ಅಂಗಡಿ ನಾ ಮುಚ್ಚಂಗಿಲ್ಲ. ನಿಮ್ಮ ಮಗ ಒಲ್ಲೆ ಅಂದ್ರೂ ಮುಚ್ಚಂಗಿಲ್ಲ, ಹೂಂ ಅಂದಿದ್ರೂ ಮುಚ್ಚತಿರಲಿಲ್ಲ. ಇದನ್ನ ನಿಮ್ಮ ಎದುರಿಗೇ ಹೇಳಬೇಕಿತ್ತು. ಹೇಳಿದೆ. ಅವರನ್ನ ಕರೀರಿ.”

ಜಯಲಕ್ಷ್ಮಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

“ಚಪ್ಪಲಿ ಅಲ್ಲೇ ಬಿಟ್ಟು ಒಳಗ ಬಾ. ಅವ ಇಲ್ಲ. ಹಾಲು ಆತು, ತರ್ಲಿಕ್ಕೆ ಹೋಗ್ಯಾನ.” ಆಮೇಲೆ ಅದೇ ಉಸಿರಿನಲ್ಲಿ, “ಮತ್ತ ಈಗ ಯಾಕ ಸಿಟ್ಟು? ನನ್ನ ಜೋಡಿ ಮಧ್ಯಾಹ್ನ ಪೂರ್ತಿ ಜಗಳಾ ತಗದು, ನಿನಗ ಆತು ಅಂತ ಫೋನ್ ಮಾಡ್ಯಾನಲ್ಲ ನಿನ್ನೆ!”

ಮೃದುಲಾ ಒಂದು ಚಪ್ಪಲಿ ಬಿಟ್ಟು ಇನ್ನೊಂದರಲ್ಲಿ ನಿಂತಿದ್ದಳು. ಹಾಗೆಯೇ ನಿಂತಳು.

ಹಾಲು ಆತು.

ನಿನಗ ಆತು.

ಹಾಲು ಆತು, ಅಂದರೆ ತೀರಿತು. ಮದುವೆಗೆ ಆತು, ಅಂದರೆ... ಆಯಿತು. ಒಪ್ಪಿದೆ. ಒಂದೇ ಶಬ್ದ. ಅವಳೇ ಕೇಳಿದ್ದ ಒಂದೇ ಶಬ್ದ. ಅದು ಸಾವಿತ್ರಿಬಾಯಿಯ ಕೈಗೆ ಸಿಕ್ಕಿತ್ತು. ಆ ಪುಣ್ಯಾತ್ಗಿತ್ತಿ ಕನ್ನಡ ಕಲಿತದ್ದು ಖಾಲಿ ಹಾಲಿನ ಪಾತ್ರೆಯಿಂದ, ಖಾಲಿ ಸಿಲಿಂಡರಿನಿಂದ. ಅವಳಿಗೆ ಕಲಿಸಿದವರಾದರೂ ಯಾರು?

*ನಾನ...*

“ಏನವಾ, ಮೈಯಾಗ ಆರಾಮಿಲ್ಲೇನು?” ಜಯಲಕ್ಷ್ಮಿ ಕೇಳಿದರು.

ಕುರ್ಚಿಗೆ ಕುಸಿದು ಮೃದುಲಾ ನಡೆದದ್ದನ್ನೆಲ್ಲ ಹೇಳಿದಳು. ಜಯಲಕ್ಷ್ಮಿ ನಗಲಿಲ್ಲ. ನಗು ತಡೆಯಲು ಗೋಡೆಯ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ಓದಿದರು. ತಾವಿನ್ನೂ ಒಪ್ಪಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿದರು. ಮಗ ಒಪ್ಪಿದ್ದು ಮಗನ ಮಾತು. ಈಗಷ್ಟೇ ಅವನು ಏನೋ ಅರಿವಿಯಲ್ಲಿ ಸೋಸಿ ಒಂದು ಕರಿ ಕಾಫಿ ಕುಡಿಸಿದ್ದ, ಕಷಾಯದಂತಿತ್ತು, ಅದಕ್ಕೇ ಹಾಲು ತರಲು ಓಡಿಸಿದ್ದು ಎಂದರು.

ಆಮೇಲೆ ಸೆರಗು ಸರಿಮಾಡಿಕೊಂಡು, ಬೇರೆಯೇ ದನಿಯಲ್ಲಿ ಕೇಳಿದರು.

“ನಿನ್ನ ಅಂಗಡ್ಯಾಗ ಹೆಂಗಸು ಒಬ್ಬಾಕೀನ ಬಂದು ಕೂತ್ರ, ಯಾಕ ಬಂದಿ, ಯಾರ ಜೋಡಿ ಬಂದಿ ಅಂತ ಯಾರೂ ಕೇಳಂಗಿಲ್ಲಂತ. ಬಿಂದು ಹೇಳಿದ. ಖರೇ ಏನು?”

“ಖರೇರಿ.”

“ಎಷ್ಟೊತ್ತು ಕೂಡಬಹುದು?”

“ನಿಮಗ ಏಳಬೇಕು ಅನಸೋತನ.”

ಗಂಡನ ಮನೆ, ಮಗನ ಮನೆ, ಗುಡಿ, ಬಸ್‌ಸ್ಟ್ಯಾಂಡು... ಯಾರೂ ಏನೂ ಕೇಳದ ಒಂದು ಕುರ್ಚಿಯಲ್ಲಿ ತಾವು ಯಾವಾಗಲಾದರೂ ಕೂತದ್ದುಂಟೇ ಎಂದು ಜಯಲಕ್ಷ್ಮಿ ಹುಡುಕುತ್ತಿದ್ದರು. ಸಿಗಲಿಲ್ಲ. “ದೇವರಿಗೆ ದೀಪ ಹಚ್ಚಿ ಬರ್ತೀನಿ” ಎಂದು ಎದ್ದು ಒಳಗೆ ಹೋದರು. ಮುಂಜಾನೆಯೇ ಹಚ್ಚಿದ ದೀಪ ಅಲ್ಲಿ ಇನ್ನೂ ಉರಿಯುತ್ತಿತ್ತು.

ಬಿಂದುಮಾಧವ ಹಾಲಿನ ಪಾಕೀಟು ಹಿಡಿದು ಬಾಗಿಲಲ್ಲಿ ನಿಂತ. ಮೇಜಿನ ಮೇಲೆ ನೀಲಿ ಕಪ್ಪು. ಅದರ ಹಿಂದೆ ಮೃದುಲಾ.

“ಮುಂಜಾನಿಂದ ಫೋನ್ ಹತ್ತವಲ್ದು,” ಎಂದ.

“ಬ್ಲಾಕ್ ಮಾಡೀನಿ.”

“ಯಾಕ?”

“ನೀ ಆತು ಅಂದಿ ಅಂತ.”

“ಆತು ಅಂದದ್ದಕ್ಕ ಬ್ಲಾಕ್ ಮಾಡ್ತಾರೇನು? ಮತ್ತ ಒಲ್ಲೆ ಅಂದಿದ್ರ ಏನು ಮಾಡ್ತಿದ್ದಿ?”

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಸಾವಿತ್ರಿಬಾಯಿಯ ಅನುವಾದದ ಕಥೆ ಎರಡರ ನಡುವೆ ಹೇಗೋ ಹೊರಬಿತ್ತು. ಕೇಳುತ್ತ ಕೇಳುತ್ತ ಅವನ ಮುಖದ ಬಣ್ಣ ಇಳಿಯಿತು. ರಾತ್ರಿಯಿಡೀ ಅವಳು ಏನೆಂದುಕೊಂಡಿರಬಹುದು ಎಂಬುದು ಅವನಿಗೆ ಈಗ ಹೊಳೆದಿತ್ತು.

“ಶನಿವಾರ ನಾ ಹಂಗ ಕೇಳಬಾರದಿತ್ತು,” ಎಂದ. “ಬಸ್ಸಿನ್ಯಾಗ ಕೂತು ವಿಚಾರ ಮಾಡಿದೆ. ಆ ಅಂಗಡಿ ಬಿಡಿಸಿ ಕರಕೊಂಡು ಬಂದ್ರ, ಇಲ್ಲಿಗೆ ಬರೋ ಹುಡುಗಿ ಬ್ಯಾರೆ ಯಾರೋ ಆಗಿರ್ತಾಳ. ನನಗ ಪಾರ್ಸಲ್ ಇಲ್ಲ ಅಂದಾಕಿನೇ ಬೇಕು. ನಿಮ್ಮೂರ ಅಂಬಡದಾಗ ನಮ್ಮ ಕಂಪನೀದೇ ಒಂದು ಜಾಗಾ ಖಾಲಿ ಅದ, ಕೇಳೀನಿ. ಸಿಕ್ರ ನಾಸಿಕ್‌ಗೆ ಬರ್ತೀನಿ. ಸಿಗಲಿಲ್ಲಂದ್ರ...”

“ಸಿಗಲಿಲ್ಲಂದ್ರ?”

“ಶನಿವಾರದ ಬಸ್ ಅದ. ವಾಪಸ್ ಬರೋ ಬಸ್ ತಪ್ಪಿಸ್ಕೊಳ್ಳಲಿಕ್ಕೆ ನನಗ ಚೆನ್ನಾಗಿ ಬರ್ತದ.”

ಒಳಗೆ ಜಯಲಕ್ಷ್ಮಿ ಗಂಟೆ ಬಾರಿಸಿದರು. ದೇವರಿಗೋ, ಇವರಿಗೋ ತಿಳಿಯಲಿಲ್ಲ.

ಬಿಂದುಮಾಧವ ಹಾಲಿನ ಪಾಕೀಟನ್ನು ಕೆಳಗಿಡುವುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಕೇಳಿದ.

“ಮೃದುಲಾ, ನನ್ನ ಮದುವಿ ಆಗ್ತೀ ಏನು?”

“ಹೈ.”

“ಕೇಳಿಸ್ತು ಅಂತೋ, ಹೌದು ಅಂತೋ?”

ಅವಳು ಕಪ್ಪಿಗೆ ಸುತ್ತಿದ್ದ ಓಢಣಿಯಲ್ಲಿ ಕಣ್ಣೊರೆಸಿಕೊಂಡಳು.

“ಆತು.”

ಅವನು ಒಂದು ಹೆಜ್ಜೆ ಮುಂದೆ ಬಂದು ನಿಂತ. ಕ್ವಾಲಿಟಿ ಎಂಜಿನಿಯರು, ಒಮ್ಮೆ ಪೆಟ್ಟು ತಿಂದವನು.

“ಯಾವ ಆತು?”

ಮೃದುಲಾ ಅವನ ಕೈಯಿಂದ ಪಾಕೀಟು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ನೀಲಿ ಕಪ್ಪನ್ನು ಅವನ ಖಾಲಿ ಕೈಗೆ ಕೊಟ್ಟಳು.

“ಹಾಲಿಂದಲ್ಲ.”